ಬಾಲ ಕಾಣುವ ನಾಣ್ಯ: ನಾಯಿ ಇರುವ ರೋಮನ್ ದೆನಾರಿಯಸ್ ಹುಡುಕಿದ ಒಂದು ಪ್ರಕರಣ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮ ಡಾಕ್ಟ್ರಿಗೆ ನಾಣ್ಯದ ಹುಚ್ಚು ಇರಲಿಲ್ಲ. ಇದ್ದದ್ದು ನಾಯಿಯ ಹುಚ್ಚು. ಕರಿಯ ಅಂತ ಒಂದು ಕಪ್ಪು ಲ್ಯಾಬ್ರಡಾರ್ ಹದಿನಾಲ್ಕು ವರ್ಷ ಅವರ ಮನೆಯಲ್ಲಿತ್ತು. ಡಾಕ್ಟ್ರು ನೈಟ್ ಡ್ಯೂಟಿ ಮುಗಿಸಿ ಬರುವಾಗ ಕಾರಿನ ಸದ್ದು ಕೇಳಿದರೆ ಸಾಕು, ಬಾಗಿಲ ಹತ್ತಿರ ಬಂದು ಕೂರುತ್ತಿತ್ತು. ಕೊನೆಯ ವರ್ಷ ಅದಕ್ಕೆ ಹಿಂಗಾಲು ಬಿದ್ದುಹೋಯಿತು. ಆಮೇಲೆ ಮಲಗಿದಲ್ಲೇ ಬಾಲದಿಂದ ನೆಲ ಬಡಿಯುತ್ತಿತ್ತು.

ಅದು ಸತ್ತು ಎರಡು ತಿಂಗಳಾದ ಮೇಲೆ ಡಾಕ್ಟ್ರು ನನಗೆ ಫೋನ್ ಮಾಡಿದರು.

"ನೀನು ರೋಮನ್ ಬೆಳ್ಳಿ ನಾಣ್ಯ ಇಟ್ಕೊಂಡಿದೀಯಲ್ಲಪ್ಪ, ಅದ್ರಲ್ಲಿ ನಾಯಿ ಇರೋದು ಯಾವುದಾದ್ರೂ ಉಂಟಾ?"

ನನ್ನನ್ನು ಹುಡುಕಿಕೊಂಡು ಬರುವವರು ಸಾಮಾನ್ಯವಾಗಿ ಸೀಸರ್ ಬೇಕು, ನೀರೋ ಬೇಕು ಅಂತ ಕೇಳುತ್ತಾರೆ. ನಾಯಿ ಬೇಕು ಅಂದವರು ಇವರೇ ಮೊದಲು. ಮೊದಲ ಫೋನಿನಿಂದ ನಾಣ್ಯ ಕೈಗೆ ಬರುವವರೆಗೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ಡಾಕ್ಟ್ರು ಒಮ್ಮೆ ಎಡವಿದರು, ನಾನೂ ಒಮ್ಮೆ ಎಡವಿದೆ. ಅವರು ಎಡವಿದ್ದು ಹೊಸಬರಾಗಿದ್ದಕ್ಕೆ. ನಾನು ಎಡವಿದ್ದು ಹಳಬನಾಗಿದ್ದಕ್ಕೆ. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ನಾಲ್ಕು ನಾಯಿಗಳು

ದೆನಾರಿಯಸ್ ಅಂದರೆ ರೋಮನ್ನರ ಬೆಳ್ಳಿ ನಾಣ್ಯ. ಕ್ರಿ.ಪೂ. 211ರ ಹೊತ್ತಿಗೆ, ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಜೊತೆ ಯುದ್ಧ ನಡೆಯುತ್ತಿದ್ದಾಗ ಅದನ್ನು ಹೊರಡಿಸಿದರು. ಮೊದಲು ನಾಲ್ಕೂವರೆ ಗ್ರಾಂ ತೂಗುತ್ತಿತ್ತು. ಸ್ವಲ್ಪ ಕಾಲಕ್ಕೇ ನಾಲ್ಕು ಗ್ರಾಂಗಿಂತ ಚೂರು ಕಡಿಮೆಗೆ ಇಳಿದು ಅಲ್ಲೇ ನಿಂತಿತು. ಇಲ್ಲಿನ ಒಂದು ಪೆನ್ನಿಯನ್ನು ಕೈಯಲ್ಲಿ ಹಿಡಿದರೆ ಅಗಲ, ತೂಕ ಎರಡರ ಅಂದಾಜೂ ಸಿಗುತ್ತದೆ. ಅಷ್ಟು ಜಾಗದಲ್ಲಿ ಒಂದು ಬದಿಗೆ ದೇವರ ತಲೆ, ಇನ್ನೊಂದು ಬದಿಗೆ ಒಂದು ಚಿತ್ರ. ಆ ಚಿತ್ರದೊಳಗೆ ನಾಯಿ ಇರಬೇಕು, ಅದೂ ಅಕ್ಕಿಕಾಳಿನಷ್ಟು.

ಚಕ್ರವರ್ತಿಗಳು ಬರುವ ಮುಂಚಿನ ಗಣರಾಜ್ಯದ ಕಾಲದ ನಾಣ್ಯಗಳಲ್ಲೇ ಹುಡುಕೋಣ ಅಂತ ನಾನು ಹೇಳಿದೆ. ಚಕ್ರವರ್ತಿಗಳ ಕಾಲದ ನಾಣ್ಯಗಳಲ್ಲಿ ಚಕ್ರವರ್ತಿಯ ಮುಖವೇ ಮುಖ್ಯ. ಹಿಂಬದಿಯಲ್ಲೂ ಅವನದೇ ಗುಣಗಾನ. ಗಣರಾಜ್ಯದ ಕಾಲದಲ್ಲಿ ಹಾಗಿರಲಿಲ್ಲ. ಟಂಕಸಾಲೆಗೆ ಸಾಮಾನ್ಯವಾಗಿ ವರ್ಷಕ್ಕೆ ಮೂವರು ಅಧಿಕಾರಿಗಳು ಬರುತ್ತಿದ್ದರು. ದೊಡ್ಡ ಮನೆತನದ ಹುಡುಗರು, ರಾಜಕೀಯಕ್ಕೆ ಕಾಲಿಡುವ ಮೊದಲ ಮೆಟ್ಟಿಲು ಅದು. ಸಿಕ್ಕಿದ ಒಂದು ವರ್ಷದಲ್ಲಿ ನಾಣ್ಯದ ಮೇಲೆ ತಮ್ಮ ಮನೆತನದ ಕಥೆ ಹಾಕಿಸಿಬಿಡುತ್ತಿದ್ದರು. ಅಜ್ಜ ಗೆದ್ದ ಯುದ್ಧ, ಮುತ್ತಜ್ಜ ಕಟ್ಟಿಸಿದ ಗುಡಿ, ಮನೆದೇವರು, ಏನು ಬೇಕಾದರೂ. ಕೆಲವರು ತಮ್ಮ ಹೆಸರಿನ ಮೇಲೇ ಆಟ ಆಡಿದರು. ಪೊಂಪೋನಿಯಸ್ ಮ್ಯೂಸಾ ಅನ್ನುವವನು ಒಂಬತ್ತು ಕಲಾದೇವತೆಯರನ್ನು, ಅಂದರೆ ಮ್ಯೂಸ್‌ಗಳನ್ನು, ಒಂದೊಂದು ನಾಣ್ಯಕ್ಕೆ ಒಬ್ಬೊಬ್ಬರಂತೆ ಹಾಕಿಸಿದ. ಥೋರಿಯಸ್ ಅನ್ನುವವನು ಹಾಯಲು ಬರುವ ಹೋರಿಯನ್ನು ಹಾಕಿಸಿದ, ಟಾರಸ್ ಅಂದರೆ ಲ್ಯಾಟಿನ್‌ನಲ್ಲಿ ಹೋರಿ. ನಮ್ಮ ಕಡೆ ಮದುವೆ ಕರೆಯೋಲೆಯ ಮೇಲೆ ಮನೆದೇವರ ಪಟ ಹಾಕಿಸುವ ಹಾಗೆಯೇ, ಇವರು ಅದನ್ನು ಸರ್ಕಾರದ ದುಡ್ಡಿನ ಮೇಲೆ ಮಾಡಿದರು, ಅಷ್ಟೇ.

ಆದ್ದರಿಂದ ಡಾಕ್ಟ್ರ ಆಸೆ ವಿಚಿತ್ರವೇನಲ್ಲ. ಅಚ್ಚು ಹಾಕಿಸಿದವನಿಗೂ ಆ ಚಿತ್ರ ಸ್ವಂತದ್ದೇ ಆಗಿತ್ತು.

ಮುಖ್ಯವಾಗಿ ನಾಲ್ಕು ನಾಣ್ಯ ಸಿಕ್ಕವು. ಒಂದು ಶನಿವಾರ ಅವರ ಮನೆಗೆ ಹೋಗಿ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ತೋರಿಸಿದೆ. ಡಾಕ್ಟ್ರ ಹೆಂಡತಿ, ನಾನು ಅಕ್ಕ ಅಂತ ಕರೆಯುತ್ತೇನೆ, ಕಾಫಿ ಇಟ್ಟು ಪಕ್ಕದಲ್ಲೇ ಕೂತರು.

ಮೊದಲನೆಯದು ಕ್ರಿ.ಪೂ. 146ರದು, ಆಂಟೆಸ್ಟಿಯಸ್ ಅನ್ನುವವನ ನಾಣ್ಯ. ಎರಡು ಕುದುರೆಗಳ ಮೇಲೆ ಅವಳಿ ದೇವರು ಓಡುತ್ತಿದ್ದಾರೆ, ಕುದುರೆಗಳ ಕೆಳಗೆ ಒಂದು ನಾಯಿಮರಿ ಮುಂಗಾಲು ಎತ್ತಿದೆ. ಮರಿ ಸಾಸಿವೆ ಕಾಳಿಗಿಂತ ಚೂರು ದೊಡ್ಡದು. "ಮುದ್ದಾಗಿದೆ. ಆದ್ರೆ ಇದು ಕುದುರೆ ಕಾಲಿಗೆ ಸಿಕ್ಕಿ ಸಾಯುತ್ತಲ್ಲ" ಅಂದರು ಅಕ್ಕ. ಅದು ಅಲ್ಲಿಗೆ ಮುಗಿಯಿತು.

ಎರಡನೆಯದು ಸೀಸಿಯಸ್‌ನದು, ಕ್ರಿ.ಪೂ. 112 ಅಥವಾ 111. ಮನೆ, ಊರು ಕಾಯುವ ಲಾರೇಸ್ ಎಂಬ ಇಬ್ಬರು ದೇವರು ಕೂತಿದ್ದಾರೆ, ನಡುವೆ ನಾಯಿ. ಆ ದೇವರೂ ಆ ನಾಯಿಯೂ ಇಬ್ಬರೂ ಮನೆ ಕಾಯುವವರೇ ಅಂತ ಕವಿ ಓವಿಡ್ ಬರೆದಿದ್ದಾನೆ. ನನಗೆ ತುಂಬ ಇಷ್ಟವಾದ ನಾಣ್ಯ. ಡಾಕ್ಟ್ರು ಮಾತ್ರ ನಕ್ಕರು. "ಕರಿಯ ಕಾವಲುಗಾರನಾ? ಕಳ್ಳ ಬಂದ್ರೆ ಬಿಸ್ಕತ್ ಇದ್ಯಾ ಅಂತ ನೋಡ್ತಿದ್ದ."

ಮೂರನೆಯದು ಪೋಸ್ಟುಮಿಯಸ್‌ನದು, ಕ್ರಿ.ಪೂ. 74. ಮುಂಬದಿಯಲ್ಲಿ ಬೇಟೆಯ ದೇವತೆ ಡಯಾನಾ, ಹಿಂಬದಿ ತುಂಬ ಓಡುತ್ತಿರುವ ಬೇಟೆನಾಯಿ, ಕೆಳಗೆ ಈಟಿ. ನಾಯಿ ದೊಡ್ಡದಾಗಿ, ಸ್ಪಷ್ಟವಾಗಿ ಕಾಣುತ್ತದೆ. ಬೆಲೆಯೂ ಕಡಿಮೆ. ಸುಮ್ನೆ ಒಂದು ನಾಯಿ ಬೇಕು ಅನ್ನುವವರಿಗೆ ನಾನು ಇಂದಿಗೂ ಇದನ್ನೇ ಹೇಳುತ್ತೇನೆ.

ಡಾಕ್ಟ್ರು ಆ ಬೇಟೆನಾಯಿಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅವರ ಬಾಯಿಂದ ಬಂದದ್ದು ರೋಮ್ ವಿಷಯವಲ್ಲ, ಆತಕೂರಿನ ವಿಷಯ. ಅವರು ಮದ್ದೂರಿನ ಕಡೆಯವರು. ಆತಕೂರು ಅದೇ ತಾಲ್ಲೂಕು. "ನಮ್ಮೂರ ಕಡೆ ನಾಯಿಗೇ ವೀರಗಲ್ಲು ನಿಲ್ಲಿಸಿದ್ದಾರೆ, ಗೊತ್ತೇನಯ್ಯ?"

ಗೊತ್ತಿತ್ತು. ಕ್ರಿ.ಶ. 949ರಲ್ಲಿ ತಕ್ಕೋಲದ ಯುದ್ಧ ನಡೆಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರ ನಿಂತ ಗಂಗರ ಬೂತುಗ, ಚೋಳರ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೇರನಿಗೆ ಏನು ಬೇಕು ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಎರಡೂ ಅಲ್ಲೇ ಸತ್ತವು. ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಕೆತ್ತನೆ ಇದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಓದುವವರು ಹೆಚ್ಚಾಗಿ ತಕ್ಕೋಲದ ಯುದ್ಧಕ್ಕಾಗಿ ಆ ಶಾಸನ ಓದುತ್ತಾರೆ. ಡಾಕ್ಟ್ರಿಗೆ ರಾಜಾದಿತ್ಯ ನೆನಪಿರಲಿಲ್ಲ, ಕಾಳಿ ನೆನಪಿತ್ತು.

"ಹಾಗಾದ್ರೆ ಇದೇ ಬೇಟೆನಾಯಿ ತಗೊಳ್ಳೋಣ್ವಾ?" ಅಂದೆ.

"ನಾಲ್ಕನೇದು ತೋರ್ಸು" ಅಂದರು.

ಮಮಿಲಿಯಸ್‌ನ ನಾಯಿ

ನಾಲ್ಕನೆಯದು ಕ್ರಿ.ಪೂ. 82ರದು. ಹಾಕಿಸಿದವನು ಗಾಯಸ್ ಮಮಿಲಿಯಸ್ ಲಿಮೆಟಾನಸ್. ಸಂಗ್ರಾಹಕರ ಪಟ್ಟಿಯಲ್ಲಿ ಇದು ಕ್ರಾಫರ್ಡ್ 362. ಮುಂಬದಿಯಲ್ಲಿ ರೆಕ್ಕೆಯ ಟೋಪಿ ಹಾಕಿದ ಮರ್ಕ್ಯುರಿ ದೇವರು. ಹಿಂಬದಿಯಲ್ಲಿ ಕೋಲು ಹಿಡಿದು ನಡೆಯುತ್ತಿರುವ ಒಬ್ಬ ಗಂಡಸು ಕೈ ಮುಂದೆ ಚಾಚಿದ್ದಾನೆ. ಎದುರಿಗೆ ಒಂದು ನಾಯಿ.

ಗಂಡಸು ಯುಲಿಸಿಸ್. ಗ್ರೀಕರು ಅವನನ್ನು ಒಡಿಸ್ಯೂಸ್ ಅನ್ನುತ್ತಿದ್ದರು. ನಾಯಿಯ ಹೆಸರು ಆರ್ಗೋಸ್.

ಹೋಮರನ ಒಡಿಸ್ಸಿಯ ಹದಿನೇಳನೆಯ ಭಾಗದಲ್ಲಿ ಈ ಕಥೆ ಬರುತ್ತದೆ. ಟ್ರಾಯ್ ಯುದ್ಧಕ್ಕೆ ಹೋದ ಒಡಿಸ್ಯೂಸ್ ಇಪ್ಪತ್ತು ವರ್ಷ ಕಳೆದು ಊರಿಗೆ ಬರುತ್ತಾನೆ. ಮನೆ ತುಂಬ ಶತ್ರುಗಳು. ಯಾರಿಗೂ ಗುರುತು ಸಿಗದಿರಲಿ ಅಂತ ಭಿಕ್ಷುಕನ ವೇಷ. ಅರಮನೆಯ ಹೊರಗೆ ತಿಪ್ಪೆಯ ಮೇಲೆ ಒಂದು ಮುದಿ ನಾಯಿ ಬಿದ್ದಿದೆ, ಮೈತುಂಬ ಉಣ್ಣೆಹುಳು. ಹೋಗುವ ಮುಂಚೆ ಅವನೇ ಸಾಕಿದ್ದ ನಾಯಿ. ದನಿ ಕೇಳಿದ್ದೇ ಅದಕ್ಕೆ ಗುರುತು ಹತ್ತುತ್ತದೆ. ಎದ್ದು ಬರಲು ಆಗುವುದಿಲ್ಲ. ಕಿವಿ ಇಳಿಸಿ ಬಾಲ ಆಡಿಸುತ್ತದೆ, ಅಷ್ಟೇ. ಪಕ್ಕದಲ್ಲಿ ಹಂದಿ ಕಾಯುವ ಆಳು ಇದ್ದಾನೆ. ಮುಟ್ಟಿದರೆ ವೇಷ ಬಯಲಾಗುತ್ತದೆ. ಒಡಿಸ್ಯೂಸ್ ಮುಖ ತಿರುಗಿಸಿ ಕಣ್ಣೀರು ಒರೆಸಿಕೊಂಡು ಒಳಗೆ ಹೋಗುತ್ತಾನೆ. ನಾಯಿ ಸಾಯುತ್ತದೆ.

ಇದನ್ನು ಹೇಳಿ ಮುಗಿಸುವ ಹೊತ್ತಿಗೆ ಅಕ್ಕ ಎದ್ದು ಅಡುಗೆಮನೆಗೆ ಹೋಗಿದ್ದರು. ನಾನು ಹೇಳಬಾರದಿತ್ತೇನೋ.

ಕಾವ್ಯದಲ್ಲಿ ಅವನು ನಾಯಿಯನ್ನು ಮುಟ್ಟುವುದಿಲ್ಲ. ನಾಣ್ಯದಲ್ಲಿ ಕೈ ಚಾಚಿದ್ದಾನೆ. ನಾಯಿಯೂ ತಿಪ್ಪೆಯ ಮೇಲೆ ಬಿದ್ದಿಲ್ಲ, ನಾಲ್ಕು ಕಾಲಿನ ಮೇಲೆ ನಿಂತು ತಲೆ ಎತ್ತಿ ನೋಡುತ್ತಿದೆ. ಅಚ್ಚು ಕೆತ್ತಿದವನಿಗೆ ಬೇರೆ ದಾರಿ ಇರಲಿಲ್ಲವೇನೋ. ಮುಟ್ಟದೆ ಹೋಗುವವನನ್ನು ಅಷ್ಟು ಚಿಕ್ಕ ಜಾಗದಲ್ಲಿ ತೋರಿಸಿದರೆ ಯಾರಿಗೆ ಅರ್ಥವಾಗುತ್ತದೆ? ಕಾರಣ ಏನೇ ಇರಲಿ, ಹೋಮರ್ ಕೊಡದಿದ್ದ ಒಂದು ಗಳಿಗೆಯನ್ನು ಟಂಕಸಾಲೆಯವನು ಕೊಟ್ಟುಬಿಟ್ಟ.

ಮಮಿಲಿಯಸ್‌ಗೆ ಇದರಲ್ಲಿ ನಾಯಿಪ್ರೀತಿ ಇತ್ತೋ ಇಲ್ಲವೋ. ಅವನಿಗೆ ಬೇಕಾಗಿದ್ದು ವಂಶಾವಳಿ. ಮಮಿಲಿಯಸ್ ಮನೆತನ ರೋಮ್ ಹತ್ತಿರದ ಟಸ್ಕುಲಮ್ ಊರಿನದು. ಆ ಊರನ್ನು ಕಟ್ಟಿದವನು ಯುಲಿಸಿಸ್‌ಗೂ ಮಾಯಾವಿ ಸರ್ಸಿಗೂ ಹುಟ್ಟಿದ ಟೆಲೆಗೋನಸ್ ಅಂತ ಐತಿಹ್ಯ. ಅವನ ಮಗಳು ಮಮಿಲಿಯಾಳಿಂದ ತಮ್ಮ ವಂಶ ಅಂತ ಇವರು ಹೇಳಿಕೊಳ್ಳುತ್ತಿದ್ದರು. ಮುಂಬದಿಯ ಮರ್ಕ್ಯುರಿ ಯುಲಿಸಿಸ್‌ನ ತಾಯಿಯ ಅಜ್ಜ. ಅಂದರೆ ನಾಣ್ಯದ ಎರಡೂ ಬದಿಯಲ್ಲಿ ಒಂದೇ ಮನೆತನದ ಜಂಬ! ಕ್ರಿ.ಪೂ. 82 ಅಂದರೆ ಪೂರ್ವದ ಯುದ್ಧ ಮುಗಿಸಿ ಬಂದ ರೋಮನ್ ಸೇನಾಪತಿ ಸುಲ್ಲಾ ರೋಮ್‌ಗೆ ನುಗ್ಗಿದ ವರ್ಷ. ಬಹಳ ದಿನದ ಮೇಲೆ ಊರಿಗೆ ಮರಳಿದವನ ಚಿತ್ರದಲ್ಲಿ ಸುಲ್ಲಾನನ್ನು ಕಾಣುವವರೂ ಇದ್ದಾರೆ. ಇರಬಹುದು. ಸುಲ್ಲಾ ಮರಳಿ ಬಂದಾಗ ಬಾಲ ಆಡಿಸಿದವರು ಬೇರೆ ಜಾತಿಯವರು.

ಡಾಕ್ಟ್ರು ಆಗಲೇ ತೀರ್ಮಾನ ಮಾಡಿಯಾಗಿತ್ತು. "ಇದೇ ಕಣಯ್ಯ."

145 ಪೌಂಡಿನ ಎರಕ

ಅವಸರ ಬೇಡ, ಹರಾಜುಗಳಲ್ಲಿ ಆಗಾಗ ಬರುತ್ತದೆ, ನೋಡೋಣ ಅಂದಿದ್ದೆ. ಮೂರು ವಾರಕ್ಕೆ ಡಾಕ್ಟ್ರು ಸಡಗರದಿಂದ ಫೋನ್ ಮಾಡಿದರು. ಆನ್‌ಲೈನ್ ಮಾರಾಟದಲ್ಲಿ ಯಾರೋ ಒಬ್ಬ ಅಜ್ಜನ ಪೆಟ್ಟಿಗೆ ಖಾಲಿ ಮಾಡುತ್ತಿದ್ದನಂತೆ. 145 ಪೌಂಡ್‌ಗೆ ಕೊಂಡೇಬಿಟ್ಟಿದ್ದರು. ನಾಯಿ ಎಷ್ಟು ಚೆನ್ನಾಗಿದೆ ಅಂದರೆ ಕಿವಿ ಸಮೇತ ಕಾಣುತ್ತದಂತೆ.

ಅಜ್ಜನ ಪೆಟ್ಟಿಗೆ ಅಂದ ಕೂಡಲೇ ನನಗೆ ಅನುಮಾನ ಬಂತು. ಹೋಗಿ ನೋಡಿದೆ.

ಮಮಿಲಿಯಸ್‌ನ ನಾಣ್ಯಕ್ಕೆ ಒಂದು ವಿಶೇಷ ಇದೆ. ಅಂಚಿನ ಸುತ್ತ ಕಚ್ಚುಗಳಿರುತ್ತವೆ, ಗರಗಸದ ಹಲ್ಲಿನ ಹಾಗೆ. ಆ ಕಾಲದ ಕೆಲವು ದೆನಾರಿಯಸ್‌ಗಳಿಗೆ ಮಾತ್ರ ಹೀಗೆ ಮಾಡುತ್ತಿದ್ದರು. ಬೆಳ್ಳಿಯ ಬಿಲ್ಲೆಯನ್ನು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುವ ಮುಂಚೆಯೇ, ಒಬ್ಬ ಕೂತು ಉಳಿಯಿಂದ ಒಂದೊಂದಾಗಿ ಕಚ್ಚು ಹಾಕುತ್ತಿದ್ದ. ಕೈಕೆಲಸ. ಒಂದು ಆಳ, ಒಂದು ಮೇಲೆ, ಒಂದು ಓರೆ. ಯಾಕೆ ಹೀಗೆ ಮಾಡಿದರು ಅನ್ನುವುದಕ್ಕೆ ಒಳಗೂ ಬೆಳ್ಳಿಯೇ ಇದೆ ಅಂತ ತೋರಿಸಲು ಅನ್ನುವ ಉತ್ತರ ಎಲ್ಲ ಕಡೆ ಸಿಗುತ್ತದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಯಾಕೆಂದರೆ ಒಳಗೆ ತಾಮ್ರ ಇಟ್ಟು, ಮೇಲೆ ಬೆಳ್ಳಿ ಹೊದಿಸಿ, ಅಂಚಿಗೂ ಕಚ್ಚು ಹಾಕಿದ ಆ ಕಾಲದ ಖೋಟಾ ನಾಣ್ಯಗಳೇ ಸಿಕ್ಕಿವೆ. ಆದರೂ ಜನ ಅದನ್ನು ನಂಬಿದ್ದಂತೂ ನಿಜ. ಕ್ರಿ.ಶ. 98ರ ಹೊತ್ತಿಗೆ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ: ಜರ್ಮನ್ನರಿಗೆ ಹಳೆಯ ನಾಣ್ಯವೇ ಇಷ್ಟ, ಅಂಚು ಕಚ್ಚಿರುವುದು, ಜೋಡಿ ಕುದುರೆ ರಥದ್ದು. ಅವರಿಗೆ ಬುದ್ಧಿ ಇತ್ತು. 64ರಲ್ಲಿ ನೀರೋ ದೆನಾರಿಯಸ್‌ನ ತೂಕವನ್ನೂ ಬೆಳ್ಳಿಯನ್ನೂ ಎರಡನ್ನೂ ಇಳಿಸಿದ್ದ.

ಡಾಕ್ಟ್ರ ನಾಣ್ಯದಲ್ಲಿ ಕಚ್ಚುಗಳು ಇದ್ದವು. ಆದರೆ ಎಲ್ಲದರ ತಳವೂ ದುಂಡಗೆ, ಸೋಪಿನಲ್ಲಿ ಕೊರೆದ ಹಾಗೆ. ಉಳಿ ಬಿದ್ದ ಜಾಗದಲ್ಲಿ ಇರಬೇಕಾದ ಚೂಪು ಇರಲಿಲ್ಲ. ತಕ್ಕಡಿಗೆ ಹಾಕಿದೆ: 3.12 ಗ್ರಾಂ. ಸವೆತ ಇಲ್ಲದ ನಾಣ್ಯ ಇಷ್ಟು ಹಗುರ ಇರಬಾರದು. ಭೂತಗನ್ನಡಿಯಲ್ಲಿ ಮರ್ಕ್ಯುರಿಯ ಕುತ್ತಿಗೆ ಹತ್ತಿರ ಸೂಜಿಮೊನೆಯಷ್ಟು ಗುಳಿಗಳು ಕಂಡವು. ಎರಕ ಹೊಯ್ಯುವಾಗ ಗಾಳಿ ಸಿಕ್ಕಿಕೊಂಡರೆ ಹೀಗಾಗುತ್ತದೆ. ಅಸಲಿ ನಾಣ್ಯ ಎರಕದ್ದಲ್ಲ, ಸುತ್ತಿಗೆಯಿಂದ ಹೊಡೆದದ್ದು.

ಇಷ್ಟಾದರೂ ಡಾಕ್ಟ್ರು ಒಪ್ಪಲಿಲ್ಲ. "ತೂಕ ಕಮ್ಮಿ ಇರೋ ಮಕ್ಳು ಹುಟ್ಟಲ್ವೇನಯ್ಯ?"

ಕೊನೆಗೆ ಅವರನ್ನು ಒಪ್ಪಿಸಿದ್ದು ಇನ್ನೊಂದು ಫೋಟೋ. ಎರಡು ತಿಂಗಳ ಹಿಂದೆ ಬೇರೊಬ್ಬ ಮಾರಿದ್ದ ಮಮಿಲಿಯಸ್ ಸಿಕ್ಕಿತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಅದೇ ಆಕಾರ, ಅಂಚಿನಲ್ಲಿ ಅದೇ ಸೀಳು, ಮರ್ಕ್ಯುರಿಯ ಮೂಗಿನ ಪಕ್ಕ ಅದೇ ಗೀರು. ಒಂದೇ ಅಚ್ಚಿನಿಂದ ಎಷ್ಟೋ ನಾಣ್ಯ ಬರಬಹುದು. ಆದರೆ ಕೈಯಲ್ಲಿ ಕತ್ತರಿಸಿದ ಬಿಲ್ಲೆ, ಕೈಯಲ್ಲಿ ಹೊಡೆದ ಏಟು, ಎರಡು ಸಾವಿರ ವರ್ಷದ ಗೀರು ಎಲ್ಲವೂ ಎರಡು ನಾಣ್ಯದಲ್ಲಿ ಒಂದೇ ಆಗಿರಲು ಸಾಧ್ಯವಿಲ್ಲ. ಅವಳಿ ಮಕ್ಕಳಿಗೂ ಬೆರಳಚ್ಚು ಬೇರೆ ಬೇರೆ ಅಲ್ವಾ, ಡಾಕ್ಟ್ರೇ?

ಈಗ ಅವರು ಸುಮ್ಮನಾದರು. ದೂರು ಕೊಟ್ಟು, ಫೋಟೋ ಕಳಿಸಿ, ಒಂದು ತಿಂಗಳ ಮೇಲೆ ದುಡ್ಡು ವಾಪಸ್ ಬಂತು. ಅಷ್ಟು ದಿನ ಅವರು ಅದನ್ನು ಕರಿಯನ ಫೋಟೋದ ಮುಂದೆ ಇಟ್ಟಿದ್ದರು ಅಂತ ಅಕ್ಕ ಆಮೇಲೆ ಹೇಳಿದರು.

ಅವರನ್ನು ಬೈಯುವುದು ಸುಲಭ. ಆದರೆ ಮೂವತ್ತು ವರ್ಷ ಎಕ್ಸ್‌ರೇ ನೋಡಿದ ಕಣ್ಣು ಅದು. ಬೇರೆಯವರ ನಾಣ್ಯ ಆಗಿದ್ದರೆ ಆ ಗುಳಿಗಳು ಅವರಿಗೂ ಕಾಣುತ್ತಿದ್ದವು. ಅವರು ನೋಡಿದ್ದು ಬರೀ ನಾಯಿಯನ್ನು.

ನಾನು ಹೇಳಿದ್ದು, ಅಕ್ಕ ನೋಡಿದ್ದು

ಆಮೇಲೆ ನಿಯಮ ಮಾಡಿಕೊಂಡೆವು. ಹಳೆಯ ಹರಾಜು ಮನೆಗಳಲ್ಲಿ ಮಾತ್ರ ಕೊಳ್ಳುವುದು. ಮೊದಲು ಯಾರ ಹತ್ತಿರ ಇತ್ತು ಅನ್ನುವ ದಾಖಲೆ ಇರಬೇಕು. ಖೋಟಾ ಅಂತ ಗೊತ್ತಾದರೆ ವಾಪಸ್ ತಗೊಳ್ಳುತ್ತೇವೆ ಅಂತ ಬರಹದಲ್ಲಿ ಇರಬೇಕು. 350 ಪೌಂಡ್ ದಾಟಬಾರದು, ಇದು ಅಕ್ಕನ ಷರತ್ತು.

ದಾಖಲೆಯ ಮಾತು ಬರೀ ಅಸಲಿ ನಕಲಿಯದ್ದಲ್ಲ. ಇಂಗ್ಲೆಂಡಿನಲ್ಲಿ 300 ವರ್ಷಕ್ಕಿಂತ ಹಳೆಯ ಎರಡು ಬೆಳ್ಳಿ ನಾಣ್ಯ ಒಟ್ಟಿಗೆ ಸಿಕ್ಕರೂ 1996ರ ಕಾಯಿದೆಯ ಪ್ರಕಾರ ಅದು ನಿಧಿ. ಹೇಳದೆ ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮಲ್ಲೂ 1878ರ ನಿಧಿ ಕಾಯಿದೆ ಇದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ದೆನಾರಿಯಸ್ ಒಟ್ಟಿಗೆ ಸಿಕ್ಕಿದ್ದವು. ಅವು ಒಟ್ಟಿಗೆ ದಾಖಲಾಗಿದ್ದರಿಂದಲೇ ಅಲ್ಲಿಯವರೆಗೂ ರೋಮ್‌ನ ಬೆಳ್ಳಿ ಬಂದಿತ್ತು ಅಂತ ಇವತ್ತು ಹೇಳಬಹುದು. ಒಂದೊಂದಾಗಿ ಚಿನಿವಾರಪೇಟೆಯಲ್ಲಿ ಕರಗಿಹೋಗಿದ್ದರೆ ಆ ಕಥೆಯೇ ಇರುತ್ತಿರಲಿಲ್ಲ.

ಐದನೆಯ ತಿಂಗಳಲ್ಲಿ ಒಂದೇ ಹರಾಜಿಗೆ ಎರಡು ಮಮಿಲಿಯಸ್ ಬಂದವು.

ಮೊದಲನೆಯದರ ಅಂದಾಜು ಬೆಲೆ 400. ಮರ್ಕ್ಯುರಿಯ ಮುಖ ಈಗತಾನೆ ಹೊಡೆದ ಹಾಗಿತ್ತು. ಟೋಪಿಯ ರೆಕ್ಕೆಯಲ್ಲಿ ಗರಿ ಎಣಿಸಬಹುದಿತ್ತು. ಬೆಳ್ಳಿ ವಯಸ್ಸಾಗಿ ನೀಲಿ, ಕಂದು ಬಣ್ಣ ಕುಡಿದಿತ್ತು. ಹಿಂಬದಿಯಲ್ಲಿ ಏಟು ಸ್ವಲ್ಪ ಬಲಕ್ಕೆ ಸರಿದಿತ್ತು, ಅಷ್ಟೇ.

ಎರಡನೆಯದು 200. ಮರ್ಕ್ಯುರಿಯ ಮುಖ ಸವೆದು ಚಪ್ಪಟೆ. ಕೆನ್ನೆಯ ಮೇಲೆ ಅರ್ಧಚಂದ್ರದ ಒಂದು ಸಣ್ಣ ಗುದ್ದು. ಒಳಗೂ ಬೆಳ್ಳಿಯೇನಾ ಅಂತ ಯಾವನೋ ರೋಮನ್ ಚಿನಿವಾರ ಪರೀಕ್ಷೆ ಮಾಡಿದ್ದ. ದೇವರ ತಲೆಯ ಹಿಂದೆ ಇರಬೇಕಾದ ಅಚ್ಚಿನ ಗುರುತಿನ ಅಕ್ಷರ ಅಂಚಿನಾಚೆ ಹೋಗಿತ್ತು.

ನಾನು ಮೊದಲನೆಯದಕ್ಕೆ ಹೋಗಿ ಅಂದೆ. ಉದ್ದನೆಯ ಮೇಲ್ ಬರೆದೆ. ದರ್ಜೆ ಹೀಗಿದೆ, ಲೋಹ ಹೀಗಿದೆ, ಮುಂದೆ ಮಾರಿದರೂ ನಷ್ಟವಿಲ್ಲ, ಅಕ್ಕನನ್ನು ಒಪ್ಪಿಸಿ ಇನ್ನೂರು ಜಾಸ್ತಿ ಹಾಕಿದರೆ ಜೀವನಪೂರ್ತಿ ಇಟ್ಟುಕೊಳ್ಳುವ ನಾಣ್ಯ. ಎರಡನೆಯದರ ಬಗ್ಗೆ ಒಂದೇ ಸಾಲು: ಸಾಧಾರಣ.

ಸಂಜೆ ಅಕ್ಕನ ಫೋನ್.

"ನಿನ್ ಮೇಲ್ ಓದ್ದೆ ಕಣೋ. ಆ ನಾನೂರರದ್ದು, ನಾಯಿಗೆ ಬಾಲ ಎಲ್ಲಿದೆ?"

ಫೋಟೋ ಮತ್ತೆ ತೆರೆದೆ. ಈ ನಾಣ್ಯದಲ್ಲಿ ನಾಯಿ ಬಲಗಡೆ ಇರುತ್ತದೆ, ಮುಖ ಯುಲಿಸಿಸ್ ಕಡೆಗೆ, ಹಿಂಭಾಗ ಅಂಚಿನ ಕಡೆಗೆ. ಏಟು ಬಲಕ್ಕೆ ಸರಿದಿದ್ದರಿಂದ ನಾಯಿಯ ಸೊಂಟದಿಂದಾಚೆಗೆ ಏನೂ ಇರಲಿಲ್ಲ. ಉಳಿದ ಚೂರನ್ನು ಅಂಚಿನ ಒಂದು ಕಚ್ಚು ನುಂಗಿತ್ತು. ನಾನು ಅದನ್ನು ನೋಡಿರಲಿಲ್ಲವೇ? ನೋಡಿದ್ದೆ. "ಏಟು ಸ್ವಲ್ಪ ಬಲಕ್ಕೆ" ಅಂತ ಬರೆದಿದ್ದೆನಲ್ಲ.

"ಅದು ಎದ್ದು ಬರಲಿಲ್ಲ, ಬಾಲ ಮಾತ್ರ ಆಡಿಸ್ತು ಅಂತ ನೀನೇ ಅವತ್ತು ಹೇಳ್ದೆ" ಅಂದರು ಅಕ್ಕ. "ನಮ್ಮದೂ ಕೊನೇಲಿ ಅಷ್ಟೇ ಮಾಡ್ತಿದ್ದಿದ್ದು. ಆ ಇನ್ನೂರರದ್ರಲ್ಲಿ ಪೂರ್ತಿ ಇದೆ, ನೋಡು."

ನೋಡಿದೆ. ಸವೆದ ನಾಣ್ಯ. ಯುಲಿಸಿಸ್‌ಗೆ ಮುಖವೇ ಇಲ್ಲ. ಅವನ ಬೆನ್ನ ಹಿಂದಿನ ಅಕ್ಷರಗಳು ಅರ್ಧ ಹೋಗಿವೆ. ಆದರೆ ಆ ಸುತ್ತಿಗೆಯ ಏಟು ಎಡಕ್ಕೆ ಸರಿದಿತ್ತು. ಅದರಿಂದ ಬಲಗಡೆ ಜಾಗ ಉಳಿದು, ನಾಯಿ ಮೂತಿಯಿಂದ ಬಾಲದ ತುದಿಯವರೆಗೆ ಬಿಲ್ಲೆಯ ಒಳಗೇ ಇತ್ತು. ಚಾಚಿದ ಕೈಗೂ ಮೂತಿಗೂ ನಡುವೆ ಒಂದು ಕೂದಲೆಳೆ ಅಂತರ.

ಹನ್ನೆರಡು ವರ್ಷದಿಂದ ನಾಣ್ಯ ಕೊಳ್ಳುತ್ತಿದ್ದೇನೆ. ಫೈನ್, ವೆರಿ ಫೈನ್, ನಿಯರ್ ಎಕ್ಸ್‌ಟ್ರೀಮ್ಲಿ ಫೈನ್ ಅಂತ ದರ್ಜೆ ಹೇಳುವುದನ್ನು ಕಲಿತಿದ್ದೇನೆ. ಅದು ಕೊಳ್ಳುವವನೂ ಮಾರುವವನೂ ಒಂದು ಬೆಲೆಗೆ ಬರಲು ಮಾಡಿಕೊಂಡ ಭಾಷೆ. ಇವರು ಮಾರಲು ಕೊಳ್ಳುತ್ತಿರಲಿಲ್ಲ. ನನ್ನ ಮೇಲ್‌ನಲ್ಲಿ ಮುಂದಿನ ಗಿರಾಕಿ ಇದ್ದ, ಕರಿಯ ಇರಲಿಲ್ಲ. ಇದೇ ನಾನು ಎಡವಿದ ಜಾಗ. ಅಜ್ಜನ ಪೆಟ್ಟಿಗೆಗೆ ಮರುಳಾದ ಡಾಕ್ಟ್ರಿಗಾದರೂ ನಾಯಿ ಕಂಡಿತ್ತು.

ಹರಾಜಿನ ದಿನ ಮೊದಲನೆಯದು 620ಕ್ಕೆ ಹೋಯಿತು. ಎರಡನೆಯದಕ್ಕೆ ಇಬ್ಬರೇ ಕೂಗಿದ್ದು. 260ಕ್ಕೆ ನಮಗಾಯಿತು. ಅದರ ಮೇಲೆ ಹರಾಜು ಮನೆಯ ಕಮಿಷನ್ ಶೇಕಡ 20, ಅಂದರೆ 52. ಕಮಿಷನ್ ಮೇಲೆ ವ್ಯಾಟ್ 10.40. ಅಂಚೆ 12. ಒಟ್ಟು 334.40 ಪೌಂಡ್. ಹೊಸದಾಗಿ ಹರಾಜಿಗೆ ಹೋಗುವವರು ಕೂಗಿದ ಬೆಲೆಯನ್ನೇ ಬೆಲೆ ಅಂದುಕೊಳ್ಳುತ್ತಾರೆ. ಇಲ್ಲಿ ಎಪ್ಪತ್ತನಾಲ್ಕು ಪೌಂಡ್ ಮೇಲೆ ಬಿತ್ತು. ಷರತ್ತಿನೊಳಗೇ ಇತ್ತು, ಸದ್ಯ.

ಮನೆಗೆ ಬಂದ ಮೇಲೆ

ತಕ್ಕಡಿಯಲ್ಲಿ 3.79 ಗ್ರಾಂ. ಕಚ್ಚುಗಳು ಒಂದೊಂದೂ ಒಂದೊಂದು ಥರ. ಎರಡರ ತಳದಲ್ಲಿ ಉಳಿಯ ಗೆರೆ ಇನ್ನೂ ಇತ್ತು. ಆನ್‌ಲೈನ್‌ನಲ್ಲಿ ಬ್ರಿಟಿಷ್ ಮ್ಯೂಸಿಯಂನ ಮಮಿಲಿಯಸ್ ನಾಣ್ಯಗಳ ಜೊತೆ ಹೋಲಿಸಿದೆವು. ಎಲ್ಲಾ ಸರಿಯಿತ್ತು.

ಕಪ್ಪಾಗಿದೆಯಲ್ಲ, ದೀಪಾವಳಿಗೆ ಬೆಳ್ಳಿ ದೀಪ ಬೆಳಗುವ ಹಾಗೆ ಒಂಚೂರು ವಿಭೂತಿ ಹಾಕಿ ಉಜ್ಜಿಬಿಡಲಾ ಅಂತ ಅಕ್ಕ ಕೇಳಿದರು. ನಾನು ನಾಣ್ಯವನ್ನು ಎತ್ತಿ ಅಂಗೈಯಲ್ಲಿ ಮುಚ್ಚಿಕೊಂಡೆ. ಆ ಕಪ್ಪು ನೂರಾರು ವರ್ಷದ್ದು. ಉಜ್ಜಿದರೆ ಹೊಳಪು ಬರುತ್ತದೆ, ಜೊತೆಗೆ ಗೀರೂ ಬರುತ್ತದೆ. ಸವೆದ ಬಾಲ ಇನ್ನಷ್ಟು ಸವೆಯುತ್ತದೆ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಹಳೆಯ ಬೆಳ್ಳಿ ಒಳಗೊಳಗೇ ಪೆಡಸಾಗಿರಬಹುದು, ನೆಲಕ್ಕೆ ಬಿದ್ದರೆ ಗಾಜಿನ ಹಾಗೆ ಸೀಳುವುದೂ ಉಂಟು. ಅಂಚಲ್ಲಿ ಹಿಡಿದು, ಕೆಳಗೆ ಟವೆಲ್ ಹಾಸಿಕೊಂಡು ನೋಡಿ ಅಂದೆ. ಅಗ್ಗದ ಮೆತ್ತನೆ ಪಿವಿಸಿ ಕವರ್‌ಗಳಲ್ಲಿ ಇಟ್ಟರೆ ವರ್ಷ ಕಳೆದಂತೆ ಹಸಿರು ಅಂಟು ಬಿಡುತ್ತದೆ. ಅದಕ್ಕೇ ಒಂದು ಸಣ್ಣ ಮರದ ತಟ್ಟೆ ತರಿಸಿದೆವು.

ಊರಿಗೆ ಒಯ್ದು ಮದ್ದೂರಿನ ಮನೆಯಲ್ಲಿ ಇಡಬೇಕು ಅನ್ನುವ ಆಸೆ ಡಾಕ್ಟ್ರಿಗೆ. ಬೇಡ ಅಂದೆ. ನಮ್ಮ 1972ರ ಪ್ರಾಚ್ಯವಸ್ತು ಕಾಯಿದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತು. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಒಳಗೆ ಹೋದದ್ದು ಮತ್ತೆ ಇವರ ಜೊತೆ ವಾಪಸ್ ಬರಲಿಕ್ಕಿಲ್ಲ. "ಹಾಗಾದ್ರೆ ನಾನೂ ಅಲ್ಲೇ ಇದ್ಬಿಡ್ತೀನಿ" ಅಂದರು. ಅಕ್ಕ ಅವರ ಕಡೆ ಒಂದು ಸಲ ನೋಡಿದರು. ನಾಣ್ಯ ಲೆಸ್ಟರ್‌ನಲ್ಲೇ ಉಳಿಯಿತು.

ಕೊನೆಯ ಕೆಲಸ ಚೀಟಿ ಬರೆಯುವುದು. ನಾಣ್ಯದ ಕೆಳಗೆ ತಟ್ಟೆಯಲ್ಲಿ ಇಡುವ ದುಂಡನೆ ರಟ್ಟಿನ ಚೀಟಿ ಇದು. ಈ ನಾಣ್ಯದ ಜೊತೆ ಹಳೆಯ ಚೀಟಿಯೊಂದು ಬಂದಿತ್ತು. ಹಿಂದಿನ ಯಾರೋ ಇಂಗ್ಲಿಷಿನವರು 1974ರಲ್ಲಿ ಕೊಂಡದ್ದು, ಶಾಯಿಯಲ್ಲಿ ತುಂಬ ಚಿಕ್ಕ ಅಕ್ಷರ. ಅದನ್ನು ಬಿಸಾಡಬಾರದು, ಅದೇ ನಾಣ್ಯದ ಜಾತಕ. ಅದರ ಕೆಳಗೆ ಇಡಲು ನಾನು ಹೊಸದೊಂದು ಬರೆದೆ: ಮಮಿಲಿಯಸ್, ರೋಮ್, ಕ್ರಿ.ಪೂ. 82, ಕ್ರಾಫರ್ಡ್ 362, 3.79 ಗ್ರಾಂ, ಕೊಂಡ ತಾರೀಕು, ಬೆಲೆ.

ಡಾಕ್ಟ್ರು ಅದನ್ನು ತಗೊಂಡು ತಿರುಗಿಸಿ, ಹಿಂಬದಿಯಲ್ಲಿ ಕನ್ನಡದಲ್ಲಿ "ಕರಿಯ" ಅಂತ ಬರೆದರು. ಕೆಳಗೆ ಎರಡು ಇಸವಿ.

"ಮುಂದೆ ಯಾರಾದ್ರೂ ಕೊಂಡ್ರೆ ಇದ್ಯಾವ ಲಿಪಿ, ಏನು ಗುರುತು ಅಂತ ತಲೆ ಕೆಡಿಸ್ಕೋತಾರೆ, ಡಾಕ್ಟ್ರೇ."

"ಕೆಡಿಸ್ಕೊಳ್ಳಲಿ ಬಿಡು" ಅಂದು ನಾಣ್ಯವನ್ನು ಅದರ ಮೇಲೆ ಇಟ್ಟರು, ನಾಯಿ ಇರುವ ಬದಿ ಮೇಲೆ ಮಾಡಿ.